ಆನ್‌ಲೈನ್ ಸೇವಾ ತಂತ್ರಾಂಶಗಳ ಸುಸ್ಥಿತಿ ತಪಾಸಣೆ – ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಾಸಸ್ಥಳ ಪ್ರಮಾಣಪತ್ರ, ಪಹಣಿ, ಋಣಭಾರ ಪ್ರಮಾಣಪತ್ರ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳಿಗೆ ಸಾರ್ವಜನಿಕರು ಸಲ್ಲಿಸುವ ಅರ್ಜಿಗಳು ಇಂದು ಬಹುಪಾಲು ಅಂತರ್ಜಾಲದ ಮೂಲಕವೇ ಸ್ವೀಕೃತವಾಗುತ್ತಿವೆ. ಅರ್ಜಿದಾರರು ಮನೆಯಿಂದಲೇ ಅರ್ಜಿ ಸಲ್ಲಿಸಲಿ, ನಾಡಕಚೇರಿ, ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದ ಮೂಲಕ ಸಲ್ಲಿಸಲಿ, ಅಂತಿಮವಾಗಿ ಆ ಅರ್ಜಿ ತಲುಪುವುದು ಒಂದು ವೆಬ್ ತಂತ್ರಾಂಶವನ್ನೇ. 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಣಗೊಳಿಸಿ, ಕೈಬರಹದ ಪಹಣಿಯ ಮಾನ್ಯತೆಯನ್ನು ಕೊನೆಗೊಳಿಸಲಾಯಿತು. ಕೈಬರಹದ ಪದ್ಧತಿಯಲ್ಲಿದ್ದ ಹಲವು ತೊಡಕುಗಳು ಇದರಿಂದ ನಿವಾರಣೆಯಾದವು. ಅದರೊಡನೆ, ಗಣಕಯಂತ್ರ ನಿಂತ ದಿನ ಸೇವೆ ಪಡೆಯಲು ಬೇರೆ ದಾರಿಯೂ ಇಲ್ಲದಂತಾಯಿತು.

‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತನ್ನು ಕೇಳದ ಅರ್ಜಿದಾರರು ವಿರಳ. ದಿನಗೂಲಿಯ ಮೇಲೆ ಬದುಕುವವರಿಗೆ ಆ ‘ನಾಳೆ’ ಎಂದರೆ ಮತ್ತೊಂದು ದಿನದ ಕೂಲಿ ಮತ್ತು ಮತ್ತೊಮ್ಮೆ ಬಸ್ಸಿನ ದರ. ವಿದ್ಯಾರ್ಥಿವೇತನದ ಕೊನೆಯ ದಿನವಾಗಿದ್ದಲ್ಲಿ ಒಂದು ವರ್ಷದ ನೆರವೇ ಕೈತಪ್ಪಬಹುದು. ಆದುದರಿಂದ ತಂತ್ರಾಂಶವು ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂಬುದನ್ನು ಅರ್ಜಿದಾರರು ದೂರುವುದಕ್ಕೆ ಮೊದಲೇ ತಿಳಿಯುವ ವ್ಯವಸ್ಥೆಯು ಕೇವಲ ತಾಂತ್ರಿಕ ಸಿಬ್ಬಂದಿಗೆ ಸಂಬಂಧಿಸಿದ ವಿಷಯವಲ್ಲ. ಅಂತಹ ವ್ಯವಸ್ಥೆ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ, ಅದರ ಪರಿಣಾಮ ಅರ್ಜಿದಾರರ ಪರದೆಯ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮುಖಪುಟ ತೆರೆದುಕೊಂಡರೆ ಸೇವೆ ಲಭ್ಯವಿದೆಯೆಂದು ಅರ್ಥವೇ?

ಅಲ್ಲ. ಜಾಲತಾಣದ ಮುಖಪುಟವು ಸಾಮಾನ್ಯವಾಗಿ ಬದಲಾಗದ ಪಠ್ಯ ಮತ್ತು ಚಿತ್ರಗಳಿಂದ ಕೂಡಿದ್ದು, ಅದರ ಪ್ರತಿಯನ್ನು ಮುಂಭಾಗದ ಸರ್ವರ್‌ಗಳು ಮೊದಲೇ ಸಂಗ್ರಹಿಸಿಟ್ಟುಕೊಂಡಿರುತ್ತವೆ. ಅದನ್ನು ತೋರಿಸಲು ಹಿಂದಿನ ಯಾವ ಯಂತ್ರವನ್ನೂ ಕೇಳಬೇಕಾಗಿಲ್ಲ. ಅರ್ಜಿದಾರರು ‘ಮುಂದುವರಿಯಿರಿ’ ಗುಂಡಿಯನ್ನು ಒತ್ತಿದ ನಂತರವೇ ನಿಜವಾದ ಕೆಲಸ ಆರಂಭವಾಗುತ್ತದೆ. ನಮೂನೆಯನ್ನು ಪರಿಶೀಲಿಸುವ ತಂತ್ರಾಂಶ, ವಿವರಗಳನ್ನು ಬರೆದಿಡುವ ಡೇಟಾಬೇಸ್, ಒಟಿಪಿ ಕಳುಹಿಸುವ ಎಸ್‌ಎಂಎಸ್ ವ್ಯವಸ್ಥೆ, ಆಧಾರ್ ದೃಢೀಕರಣ, ಶುಲ್ಕ ಪಾವತಿ, ಕೊನೆಗೆ ಅಧಿಕಾರಿಯ ಡಿಜಿಟಲ್ ಸಹಿ, ಇವೆಲ್ಲವೂ ಸರಪಳಿಯ ಕೊಂಡಿಗಳಂತೆ ಒಂದನ್ನೊಂದು ಅವಲಂಬಿಸಿರುತ್ತವೆ. ಇವುಗಳಲ್ಲಿ ಒಂದು ಕಳಚಿದರೂ ಮುಖಪುಟವು ಎಂದಿನಂತೆಯೇ ತೆರೆದುಕೊಳ್ಳುತ್ತಿರುತ್ತದೆ.

ಈ ವ್ಯತ್ಯಾಸ ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ಅಮೆರಿಕದ ನಿದರ್ಶನವೊಂದಿದೆ. ಅಲ್ಲಿನ ಕೇಂದ್ರ ಸರ್ಕಾರವು ಆರೋಗ್ಯ ವಿಮೆಯ ನೋಂದಣಿಗಾಗಿ ‘ಹೆಲ್ತ್‌ಕೇರ್ ಡಾಟ್ ಗವ್’ ಎಂಬ ಜಾಲತಾಣವನ್ನು 2013ರ ಅಕ್ಟೋಬರ್ 1ರಂದು ಆರಂಭಿಸಿತು. ಮೊದಲ ದಿನವೇ ಲಕ್ಷಾಂತರ ಮಂದಿ ಜಾಲತಾಣಕ್ಕೆ ಭೇಟಿ ನೀಡಿದರು. ಆದರೆ ಅಂದು ನೋಂದಣಿಯನ್ನು ಕೊನೆಯವರೆಗೆ ಪೂರ್ಣಗೊಳಿಸಲು ಸಾಧ್ಯವಾದದ್ದು ಕೇವಲ 6 ಮಂದಿಗೆ ಎಂಬುದು ನಂತರ ಅಲ್ಲಿನ ಸಂಸತ್ತಿನ ಸಮಿತಿ ಬಹಿರಂಗಪಡಿಸಿದ ಟಿಪ್ಪಣಿಗಳಿಂದ ತಿಳಿದುಬಂದಿತು. ಜಾಲತಾಣವನ್ನು ಸರಿಪಡಿಸಲು ಬಂದ ತಜ್ಞರ ತಂಡಕ್ಕೆ ಇಡೀ ವ್ಯವಸ್ಥೆಯ ಸ್ಥಿತಿಯನ್ನು ಒಂದೆಡೆ ತೋರಿಸುವ ಫಲಕವೇ ದೊರೆಯಲಿಲ್ಲ. ಅಂತಹ ಫಲಕವನ್ನು ಸಿದ್ಧಪಡಿಸಿದ್ದೇ ಅವರ ಮೊದಲ ಕೆಲಸಗಳಲ್ಲೊಂದಾಯಿತು. ಎಲ್ಲಿ ನೋವಿದೆಯೆಂದು ತಿಳಿಯದೆ ಔಷಧ ಕೊಡಲಾಗದು ಎಂಬುದು ಯಂತ್ರಗಳಿಗೂ ಅನ್ವಯಿಸುತ್ತದೆ.

ತಪಾಸಣಾ ವಿಳಾಸ

ತಂತ್ರಾಂಶದ ಸ್ಥಿತಿಯನ್ನು ತಿಳಿಯುವ ಅತ್ಯಂತ ಹಳೆಯ ಉಪಾಯ ‘ಪಿಂಗ್’. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಮೈಕ್ ಮಸ್ ಅವರು ರಚಿಸಿದ ಈ ಸಣ್ಣ ಸಾಧನವು ದೂರದ ಗಣಕಯಂತ್ರಕ್ಕೆ ಒಂದು ಸಂದೇಶ ಕಳುಹಿಸಿ, ಅದು ಮರಳಿ ಬರುತ್ತದೆಯೇ ಎಂದು ನೋಡುತ್ತದೆ. ಜಲಾಂತರ್ಗಾಮಿಗಳ ಸೋನಾರ್ ಹೊರಡಿಸುವ ಶಬ್ದದಿಂದ ಅದಕ್ಕೆ ಆ ಹೆಸರು ಬಂದಿದೆ. ಆದರೆ ಯಂತ್ರಕ್ಕೆ ವಿದ್ಯುತ್ ಮತ್ತು ಜಾಲಸಂಪರ್ಕ ಇದೆಯೆಂಬುದಷ್ಟೇ ಪಿಂಗ್‌ನಿಂದ ತಿಳಿಯುತ್ತದೆ. ಅದರೊಳಗಿನ ತಂತ್ರಾಂಶ ಏನು ಮಾಡುತ್ತಿದೆಯೆಂಬುದು ತಿಳಿಯುವುದಿಲ್ಲ.

ಈ ಕೊರತೆಯನ್ನು ತುಂಬಲು, ತಂತ್ರಾಂಶದಲ್ಲಿಯೇ ಪ್ರತ್ಯೇಕವಾದ ಒಂದು ವಿಳಾಸವನ್ನು ಅಳವಡಿಸಲಾಗುತ್ತದೆ. ತಾಂತ್ರಿಕ ಭಾಷೆಯಲ್ಲಿ ಇದನ್ನು ‘ಹೆಲ್ತ್ ಎಂಡ್‌ಪಾಯಿಂಟ್’ ಎನ್ನುತ್ತಾರೆ. ಮುಂದೆ ಇದನ್ನು ‘ತಪಾಸಣಾ ವಿಳಾಸ’ ಎಂದು ಕರೆಯಲಾಗಿದೆ. ಜಾಲತಾಣದ ವಿಳಾಸದ ಕೊನೆಯಲ್ಲಿ ಓರೆಗೆರೆ ಹಾಕಿ ‘ಹೆಲ್ತ್’ ಎಂದೋ ‘ಹೆಲ್ತ್‌ಝಡ್’ ಎಂದೋ ಸೇರಿಸಿದರೆ ಅದು ತಪಾಸಣಾ ವಿಳಾಸವಾಗುತ್ತದೆ. ಬೇರೆ ಯಾವ ಪುಟದ ಹೆಸರಿನೊಡನೆಯೂ ಗೊಂದಲವಾಗದಿರಲೆಂದು ಕೊನೆಗೆ ‘ಝಡ್’ ಅಕ್ಷರ ಸೇರಿಸುವ ರೂಢಿಯು ಗೂಗಲ್ ಸಂಸ್ಥೆಯ ಒಳಗಿನಿಂದ ಹೊರಬಂದದ್ದು. ಈ ವಿಳಾಸಕ್ಕೆ ಭೇಟಿ ನೀಡುವವರು ಸಾಮಾನ್ಯವಾಗಿ ಮನುಷ್ಯರಲ್ಲ. ಕೆಲವೇ ಸೆಕೆಂಡುಗಳಿಗೊಮ್ಮೆ ಹಗಲಿರುಳೂ ಪ್ರಶ್ನೆ ಕೇಳುತ್ತಿರುವ ಮತ್ತೊಂದು ಯಂತ್ರ. ಪ್ರಶ್ನೆ ಒಂದೇ: ಸುಸ್ಥಿತಿಯಲ್ಲಿರುವಿರಾ? ಉತ್ತರವೂ ಚಿಕ್ಕದು. ಎಲ್ಲವೂ ಸರಿಯಿದ್ದಲ್ಲಿ 200 ಎಂಬ ಸಂಖ್ಯೆ, ಇಲ್ಲದಿದ್ದಲ್ಲಿ 503 ಎಂಬ ಸಂಖ್ಯೆ, ಜೊತೆಗೆ ಒಂದೆರಡು ಪದಗಳ ವಿವರಣೆ. ಜಾವಾ ಭಾಷೆಯ ತಂತ್ರಾಂಶಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ‘ಸ್ಪ್ರಿಂಗ್ ಬೂಟ್’ ಚೌಕಟ್ಟಿನಲ್ಲಿ ಈ ಉತ್ತರವು ‘ಅಪ್’ ಅಥವಾ ‘ಡೌನ್’ ಎಂದು ಬರುತ್ತದೆ. ‘ಸರ್ವರ್ ಡೌನ್’ ಎಂಬ ಜನಬಳಕೆಯ ಮಾತಿಗೆ ಯಂತ್ರದ ಬಾಯಿಂದಲೇ ಬರುವ ರೂಪವಿದು.

ಜೀವಂತವಾಗಿರುವುದು ಬೇರೆ, ಸಿದ್ಧವಾಗಿರುವುದು ಬೇರೆ

ಪ್ರಶ್ನೆ ಒಂದೇ ಆದರೂ ಉತ್ತರದಲ್ಲಿ ಹಲವು ಮಟ್ಟಗಳಿವೆ. ತಾಲ್ಲೂಕು ಕಚೇರಿಯೊಂದನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಕಚೇರಿಯ ಬಾಗಿಲು ತೆರೆದಿರುವುದು ಒಂದು; ವಿಷಯ ನಿರ್ವಾಹಕರು ಆಸನದಲ್ಲಿರುವುದು ಇನ್ನೊಂದು; ಅಭಿಲೇಖಾಲಯದಿಂದ ಕಡತ ದೊರೆಯುವುದು ಮತ್ತೊಂದು; ಸಹಿ ಮಾಡಲು ಅಧಿಕಾರಿಗಳು ಲಭ್ಯರಿರುವುದು ಮಗದೊಂದು. ಬಾಗಿಲು ತೆರೆದಿದೆಯೆಂಬ ಕಾರಣಕ್ಕೆ ‘ಕಚೇರಿ ನಡೆಯುತ್ತಿದೆ’ ಎಂದು ವರದಿ ಮಾಡಿದರೆ ಅದು ಸುಳ್ಳಲ್ಲ. ಆದರೆ ಅರ್ಜಿದಾರರಿಗೆ ಅದರಿಂದ ಪ್ರಯೋಜನವೂ ಇಲ್ಲ.

ತಂತ್ರಾಂಶಗಳಲ್ಲಿಯೂ ಇದೇ ರೀತಿ ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಲಾಗುತ್ತದೆ. ಮೊದಲನೆಯದು, ತಂತ್ರಾಂಶವು ಜೀವಂತವಾಗಿದೆಯೇ, ಅಂದರೆ ಸ್ತಬ್ಧವಾಗದೆ ಚಲಿಸುತ್ತಿದೆಯೇ ಎಂಬುದು. ಎರಡನೆಯದು, ಅದು ಹೊಸ ಅರ್ಜಿಯನ್ನು ಸ್ವೀಕರಿಸಲು ಈ ಕ್ಷಣದಲ್ಲಿ ಸಿದ್ಧವಿದೆಯೇ ಎಂಬುದು. ಗೂಗಲ್ ಸಂಸ್ಥೆ 2014ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ, ಇಂದು ದೊಡ್ಡ ಜಾಲತಾಣಗಳ ನಿರ್ವಹಣೆಯಲ್ಲಿ ಸಾಮಾನ್ಯವಾಗಿರುವ ‘ಕುಬರ್ನೆಟೀಸ್’ ವ್ಯವಸ್ಥೆಯಲ್ಲಿ ಈ ಎರಡೂ ತಪಾಸಣೆಗಳು ಪ್ರತ್ಯೇಕವಾಗಿವೆ. ಜೀವಂತಿಕೆಯ ತಪಾಸಣೆಯಲ್ಲಿ ವಿಫಲವಾದ ತಂತ್ರಾಂಶವನ್ನು ನಿಲ್ಲಿಸಿ ಮತ್ತೆ ಆರಂಭಿಸಲಾಗುತ್ತದೆ. ಸಿದ್ಧತೆಯ ತಪಾಸಣೆಯಲ್ಲಿ ವಿಫಲವಾದರೆ ಅದನ್ನು ನಿಲ್ಲಿಸುವುದಿಲ್ಲ; ಅದು ಚೇತರಿಸಿಕೊಳ್ಳುವವರೆಗೆ ಅದರತ್ತ ಅರ್ಜಿಗಳನ್ನು ಕಳುಹಿಸುವುದನ್ನು ಮಾತ್ರ ತಡೆಹಿಡಿಯಲಾಗುತ್ತದೆ. ಒಂದು ಪ್ರಶ್ನೆಗೆ ಕೊಡಬೇಕಾದ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟಲ್ಲಿ ಆಗುವ ಹಾನಿಯನ್ನು ಅನುಭವಿಸುವವರು ಅರ್ಜಿದಾರರು.

ತುಂಬಿದ ನಮೂನೆ ಕಳೆದುಹೋಗುವುದೇಕೆ?

ಡೇಟಾಬೇಸ್ ಎರಡು ನಿಮಿಷ ನಿಧಾನವಾಯಿತೆಂದು ಭಾವಿಸಬಹುದು. ಅದನ್ನು ಅವಲಂಬಿಸಿದ ನಾಲ್ಕು ಸರ್ವರ್‌ಗಳೂ ಆರೋಗ್ಯವಾಗಿಯೇ ಇವೆ. ಅವು ಕಾಯುತ್ತಿವೆ, ಅಷ್ಟೆ. ತಂತ್ರಾಂಶ ರೂಪಿಸಿದವರು ಜೀವಂತಿಕೆಯ ತಪಾಸಣೆಯಲ್ಲಿಯೇ ಡೇಟಾಬೇಸ್ ಪರೀಕ್ಷೆಯನ್ನೂ ಸೇರಿಸಿಬಿಟ್ಟಿದ್ದಲ್ಲಿ, ನಾಲ್ಕೂ ಸರ್ವರ್‌ಗಳು ಒಮ್ಮೆಗೇ ‘ಸುಸ್ಥಿತಿಯಲ್ಲಿಲ್ಲ’ ಎಂದು ಉತ್ತರಿಸುತ್ತವೆ. ಮೇಲ್ವಿಚಾರಣೆಯ ಯಂತ್ರವು ನಾಲ್ಕನ್ನೂ ನಿಲ್ಲಿಸಿ ಮತ್ತೆ ಆರಂಭಿಸುತ್ತದೆ. ಆ ಹೊತ್ತಿನಲ್ಲಿ ನಮೂನೆ ತುಂಬುತ್ತಿದ್ದ ಅರ್ಜಿದಾರರ ವಿವರಗಳು ಸರ್ವರ್‌ನ ತಾತ್ಕಾಲಿಕ ಸ್ಮೃತಿಯಲ್ಲಿದ್ದರೆ ಅವು ಅಳಿಸಿಹೋಗುತ್ತವೆ. ‘ನಿಮ್ಮ ಅವಧಿ ಮುಗಿದಿದೆ, ಮತ್ತೆ ಲಾಗಿನ್ ಆಗಿ’ ಎಂಬ ಸಂದೇಶ ಬರುವುದಕ್ಕೆ ಇದು ಒಂದು ಕಾರಣ. ಇಷ್ಟಕ್ಕೇ ಮುಗಿಯುವುದಿಲ್ಲ. ಹೊರಹಾಕಲ್ಪಟ್ಟ ಎಲ್ಲರೂ ಒಮ್ಮೆಗೇ ಮತ್ತೆ ಲಾಗಿನ್ ಆಗಲು ಪ್ರಯತ್ನಿಸುತ್ತಾರೆ. ಹೊಸದಾಗಿ ಎದ್ದ ನಾಲ್ಕು ಸರ್ವರ್‌ಗಳೂ ಒಟ್ಟಿಗೆ ಡೇಟಾಬೇಸ್‌ನೊಡನೆ ಸಂಪರ್ಕ ಬೆಳೆಸಲು ಮುಗಿಬೀಳುತ್ತವೆ. ಎರಡು ನಿಮಿಷದಲ್ಲಿ ತಾನಾಗಿ ಸರಿಹೋಗಬಹುದಾಗಿದ್ದ ತೊಂದರೆ ಒಂದು ಗಂಟೆಗೆ ಬೆಳೆಯುತ್ತದೆ. ರೋಗಿಯನ್ನು ಉಳಿಸಲು ಇಟ್ಟ ಕಾವಲುಗಾರನೇ ರೋಗ ಹೆಚ್ಚಿಸಿದಂತಾಗುತ್ತದೆ.

ಈ ಕಾರಣದಿಂದ, ಜೀವಂತಿಕೆಯ ತಪಾಸಣೆಯು ತಂತ್ರಾಂಶದ ಸ್ವಂತ ಸ್ಥಿತಿಯನ್ನು ಮಾತ್ರ ಕೇಳತಕ್ಕದ್ದು. ಡೇಟಾಬೇಸ್ ಮುಂತಾದ ಹೊರಗಿನ ಅವಲಂಬನೆಗಳನ್ನು ಸಿದ್ಧತೆಯ ತಪಾಸಣೆಯಲ್ಲಿ, ಅದೂ ವಿವೇಚನೆಯಿಂದ, ಸೇರಿಸತಕ್ಕದ್ದು. ವಿವೇಚನೆ ಏಕೆಂದರೆ, ಶುಲ್ಕ ಪಾವತಿ ವ್ಯವಸ್ಥೆ ನಿಂತಿದೆಯೆಂದು ಇಡೀ ತಂತ್ರಾಂಶವೇ ‘ಸಿದ್ಧವಿಲ್ಲ’ ಎಂದು ಹೇಳಿದರೆ, ಶುಲ್ಕವೇ ಇಲ್ಲದ ಸೇವೆಯ ಅರ್ಜಿದಾರರೂ, ಅರ್ಜಿಯ ಸ್ಥಿತಿಗತಿ ನೋಡಲಷ್ಟೇ ಬಂದವರೂ ಹಿಂದಿರುಗಬೇಕಾಗುತ್ತದೆ. ಅಂತಹ ಸಂದರ್ಭದಲ್ಲಿ ಪಾವತಿಯನ್ನು ಮಾತ್ರ ಸ್ಥಗಿತಗೊಳಿಸಿ, ಪುಟದಲ್ಲಿ ಸೂಚನೆ ಹಾಕಿ, ಉಳಿದುದನ್ನು ನಡೆಸುವುದು ಸೂಕ್ತ.

ಸದಾ ‘ಸರಿ ಇದೆ’ ಎನ್ನುವ ತಪಾಸಣೆ

ಇದಕ್ಕೆ ವಿರುದ್ಧವಾದ ದೋಷವೂ ಇದೆ, ಮತ್ತು ಅದೇ ಹೆಚ್ಚು ಸಾಮಾನ್ಯ. ತಪಾಸಣಾ ವಿಳಾಸವನ್ನು ಹೆಸರಿಗೆ ಮಾತ್ರ ಅಳವಡಿಸಿ, ಏನೇ ಆದರೂ 200 ಎಂದು ಉತ್ತರಿಸುವಂತೆ ಬರೆದುಬಿಡಲಾಗಿರುತ್ತದೆ. ಕೆಲವೆಡೆ ‘ತಾಂತ್ರಿಕ ದೋಷ ಉಂಟಾಗಿದೆ’ ಎಂದು ಮನುಷ್ಯರಿಗೆ ತೋರಿಸುವ ಪುಟವೇ ಯಂತ್ರಗಳಿಗೆ 200 ಎಂಬ ಸಂಖ್ಯೆಯನ್ನು ಕೊಡುತ್ತಿರುತ್ತದೆ. ಅಂದರೆ ಅರ್ಜಿದಾರರಿಗೆ ದೋಷ, ಮೇಲ್ವಿಚಾರಣೆಯ ಫಲಕದಲ್ಲಿ ಹಸಿರು ದೀಪ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ನಾಲ್ಕು ಸರ್ವರ್‌ಗಳಲ್ಲಿ ಒಂದು ಕೆಟ್ಟಿದ್ದು, ತಪಾಸಣೆಯು ಅದನ್ನು ಗುರುತಿಸದಿದ್ದರೆ, ಬರುವ ಕೋರಿಕೆಗಳಲ್ಲಿ ನಾಲ್ಕನೇ ಒಂದು ಭಾಗ ಅದರ ಪಾಲಾಗುತ್ತಲೇ ಇರುತ್ತದೆ. ಅರ್ಜಿಗೆ ಐದು ಹಂತಗಳಿದ್ದು, ಪ್ರತಿ ಹಂತದಲ್ಲೂ ಕೋರಿಕೆಯು ಯಾವುದಾದರೊಂದು ಸರ್ವರ್‌ಗೆ ಹೋಗುವಂತಿದ್ದಲ್ಲಿ, ಐದೂ ಹಂತಗಳನ್ನು ತೊಂದರೆಯಿಲ್ಲದೆ ದಾಟುವವರು ಸುಮಾರು 100ಕ್ಕೆ 24 ಮಂದಿ ಮಾತ್ರ. ಕೆಟ್ಟದ್ದು ನಾಲ್ಕರಲ್ಲಿ ಒಂದು. ಎಡವುವವರು ನಾಲ್ವರಲ್ಲಿ ಮೂವರು. ಆದರೂ ಪಕ್ಕದ ಕೌಂಟರಿನಲ್ಲಿ ಕೆಲಸ ನಡೆಯುತ್ತಿರುವುದು ಕಾಣುವುದರಿಂದ, ತೊಂದರೆಗೊಳಗಾದವರು ತಮ್ಮದೇ ತಪ್ಪಿರಬೇಕೆಂದು, ಇಲ್ಲವೇ ಕೇಂದ್ರದ ನಿರ್ವಾಹಕರು ಬೇಕೆಂದೇ ಹೀಗೆ ಮಾಡುತ್ತಿದ್ದಾರೆಂದು ಭಾವಿಸುತ್ತಾರೆ. ನಿರ್ವಾಹಕರೊಡನೆ ನಡೆಯುವ ಎಷ್ಟೋ ವಾಗ್ವಾದಗಳ ಮೂಲ ಹೀಗೆ ಕಣ್ಣಿಗೆ ಕಾಣದ ಸರ್ವರ್‌ನಲ್ಲಿರಬಹುದು.

ತಪಾಸಣೆ ಪ್ರಾಮಾಣಿಕವಾಗಿದ್ದರೂ ಕೆಟ್ಟ ಸರ್ವರ್ ಆ ಕ್ಷಣದಲ್ಲೇ ಹೊರಗಾಗುವುದಿಲ್ಲ. ಕುಬರ್ನೆಟೀಸ್‌ನಲ್ಲಿ ಬೇರೆ ಸೂಚನೆ ನೀಡದಿದ್ದಲ್ಲಿ 10 ಸೆಕೆಂಡಿಗೊಮ್ಮೆ ಪ್ರಶ್ನೆ ಕೇಳಿ, ಸತತ 3 ಬಾರಿ ವಿಫಲವಾದ ಮೇಲೆ ಕ್ರಮ ಕೈಗೊಳ್ಳಲಾಗುತ್ತದೆ. ಅಂದರೆ ಸುಮಾರು ಅರ್ಧ ನಿಮಿಷ. ಅಮೆಜಾನ್ ಸಂಸ್ಥೆಯ ಕ್ಲೌಡ್ ಸೇವೆಯಲ್ಲಿ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ‘ಲೋಡ್ ಬ್ಯಾಲೆನ್ಸರ್’ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಕೇಳಿ, 2 ಬಾರಿ ವಿಫಲವಾದ ಸರ್ವರನ್ನು ಹೊರಗಿಡುತ್ತದೆ. ಅಂದರೆ ಸುಮಾರು ಒಂದು ನಿಮಿಷ. ಮತ್ತೆ ಒಳಗೆ ಸೇರಿಸಿಕೊಳ್ಳಲು ಸತತ 5 ಬಾರಿ ಸರಿಯಾದ ಉತ್ತರ ಬರಬೇಕು. ಒಂದೇ ಬಾರಿಯ ವೈಫಲ್ಯಕ್ಕೆ ಹೊರಗಿಟ್ಟರೆ ಕ್ಷಣಿಕ ಅಡಚಣೆಗೂ ಸರ್ವರ್ ಕಳೆದುಕೊಳ್ಳಬೇಕಾಗುವುದರಿಂದ ಈ ವಿಳಂಬ ಉದ್ದೇಶಪೂರ್ವಕವಾದುದು. ದೋಷ ಕಂಡ ಕೂಡಲೇ ಗುಂಡಿಯನ್ನು ಮತ್ತೆ ಮತ್ತೆ ಒತ್ತದೆ ಎರಡು ಮೂರು ನಿಮಿಷ ಕಾಯುವಂತೆ ಅರ್ಜಿದಾರರಿಗೆ ಸೂಚಿಸುವುದರ ಹಿಂದಿನ ಕಾರಣ ಇದೇ.

ತಪಾಸಣೆಗೆ ಕಾಣದ ಸಂಗತಿಗಳು

ತಪಾಸಣಾ ವಿಳಾಸವು ತಂತ್ರಾಂಶದ ಒಳಗಿನಿಂದ ಉತ್ತರಿಸುತ್ತದೆ. ಹೊರಗೆ ನಡೆಯುವುದು ಅದಕ್ಕೆ ತಿಳಿಯದು. ಕೋವಿಡ್ ಲಸಿಕೆಗಾಗಿ 18 ರಿಂದ 44 ವರ್ಷದವರ ನೋಂದಣಿಯು 2021ರ ಏಪ್ರಿಲ್ 28ರಂದು ಸಂಜೆ 4 ಗಂಟೆಗೆ ‘ಕೋವಿನ್’ ಜಾಲತಾಣದಲ್ಲಿ ಆರಂಭವಾದಾಗ, ಅಂದು ಒಂದೇ ದಿನ 1 ಕೋಟಿಗೂ ಹೆಚ್ಚು ಮಂದಿ ನೋಂದಾಯಿಸಿಕೊಂಡರು. ಇಷ್ಟಾದರೂ ಆರಂಭದ ಹೊತ್ತಿನಲ್ಲಿ ಪ್ರಯತ್ನಿಸಿದ ಅನೇಕರು ಒಟಿಪಿ ಬರಲಿಲ್ಲವೆಂದು ದೂರಿದರು. ಒಟಿಪಿಯು ಜಾಲತಾಣದಿಂದ ಹೊರಟು ಎಸ್‌ಎಂಎಸ್ ಸೇವಾದಾರರು, ದೂರಸಂಪರ್ಕ ಕಂಪನಿ, ಗೋಪುರ, ಕೊನೆಗೆ ಮೊಬೈಲ್ ಹೀಗೆ ಹಲವು ಕೈ ದಾಟಬೇಕು. ಕಳುಹಿಸಿದೆ ಎಂದು ತಂತ್ರಾಂಶ ಹೇಳುವುದಕ್ಕೂ ಅದು ಅರ್ಜಿದಾರರ ಕೈ ಸೇರುವುದಕ್ಕೂ ನಡುವೆ ಸಾಕಷ್ಟು ದೂರವಿದೆ.

ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ‘ಕಾವೇರಿ 2.0’ ತಂತ್ರಾಂಶಕ್ಕೆ 2025ರ ಜನವರಿಯ ಅವಧಿಯಲ್ಲಿ ಒದಗಿದ ತೊಂದರೆ ಬೇರೆ ಬಗೆಯದು. ದುರುದ್ದೇಶದಿಂದ ಸ್ವಯಂಚಾಲಿತವಾಗಿ ಅಪಾರ ಸಂಖ್ಯೆಯ ಕೋರಿಕೆಗಳನ್ನು ಕಳುಹಿಸಿದ ಕಾರಣ ರಾಜ್ಯದಾದ್ಯಂತ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ದಸ್ತಾವೇಜುಗಳ ನೋಂದಣಿಗೆ ತೀವ್ರ ಅಡಚಣೆಯಾಯಿತು. ಇಂತಹ ದಾಳಿಯಲ್ಲಿ ಯಾವ ಯಂತ್ರವೂ ಕೆಟ್ಟಿರಬೇಕಾಗಿಲ್ಲ. ಬಸ್ಸಿನಲ್ಲಿ ಊರಿಗೆ ಹೋಗದವರೇ ತುಂಬಿಕೊಂಡರೆ ಊರಿಗೆ ಹೋಗಬೇಕಾದವರಿಗೆ ಜಾಗವಿಲ್ಲದಂತೆ, ಸುಳ್ಳು ಕೋರಿಕೆಗಳಿಂದ ನಿಜವಾದ ಕೋರಿಕೆಗಳಿಗೆ ಸರದಿ ಬರುವುದಿಲ್ಲ. ‘ಹೌದೋ ಅಲ್ಲವೋ’ ಎಂಬ ತಪಾಸಣೆಯೊಂದೇ ಇಲ್ಲಿ ಸಾಲದು. ಉತ್ತರಕ್ಕೆ ಎಷ್ಟು ಸಮಯ ಹಿಡಿಯಿತು, ಗಂಟೆಗೆ ಎಷ್ಟು ಅರ್ಜಿಗಳು ಪೂರ್ಣಗೊಂಡವು ಎಂಬುದನ್ನೂ ಗಮನಿಸಬೇಕಾಗುತ್ತದೆ. ಪ್ರತಿದಿನ ಈ ವೇಳೆಗೆ ನೂರಾರು ಅರ್ಜಿಗಳು ಬರುತ್ತಿದ್ದ ಸೇವೆಯಲ್ಲಿ ಇಂದು ಒಂದೂ ಬಂದಿಲ್ಲವೆಂದರೆ, ದೀಪ ಯಾವ ಬಣ್ಣದ್ದಾಗಿದ್ದರೂ ವಿಚಾರಿಸುವುದು ಅಗತ್ಯ.

ಅರ್ಜಿ ಸ್ವೀಕೃತವಾದ ನಂತರದ ಕೆಲಸಗಳೂ ಹೀಗೆಯೇ ಕಣ್ಣಿಗೆ ಬೀಳದೆ ನಿಲ್ಲಬಹುದು. ಪ್ರಮಾಣಪತ್ರವನ್ನು ಸಿದ್ಧಪಡಿಸುವ, ಡಿಜಿಟಲ್ ಸಹಿ ಸೇರಿಸುವ ಕೆಲಸಗಳು ಹಿನ್ನೆಲೆಯಲ್ಲಿ ಸರದಿಯಂತೆ ನಡೆಯುತ್ತವೆ. ಸಹಿಯ ಸಲಕರಣೆಯ ಅವಧಿ ಮುಗಿದಿದ್ದರೆ ಸರದಿ ಬೆಳೆಯುತ್ತಾ ಹೋಗುತ್ತದೆ, ಮುಂಭಾಗದಲ್ಲಿ ಮಾತ್ರ ಎಲ್ಲವೂ ಸುಗಮ. ಇನ್ನು, ಕೇಂದ್ರದಲ್ಲಿ ವಿದ್ಯುತ್ ಇಲ್ಲದಿರುವುದು, ಕೇಬಲ್ ತುಂಡಾಗಿರುವುದು, ಬೆರಳಚ್ಚು ಸಾಧನ ಕೆಲಸ ಮಾಡದಿರುವುದು ಇವೆಲ್ಲವನ್ನೂ ‘ಸರ್ವರ್ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳುವ ವಾಡಿಕೆಯಿದೆ. ಆ ದಿನ ಸರ್ವರ್ ಚೆನ್ನಾಗಿಯೇ ಇದ್ದಿರಬಹುದು.

ತಪಾಸಣಾ ವಿಳಾಸವನ್ನು ಸಾರ್ವಜನಿಕರು ತೆರೆದು ನೋಡಬಹುದೇ?

ಸಾಮಾನ್ಯವಾಗಿ ಇಲ್ಲ, ಮತ್ತು ಹಾಗಿರುವುದೇ ಸರಿ. ತಂತ್ರಾಂಶದ ಆವೃತ್ತಿ, ಡೇಟಾಬೇಸ್‌ನ ಹೆಸರು, ಒಳಜಾಲದ ವಿಳಾಸಗಳು ಆ ಉತ್ತರದಲ್ಲಿದ್ದರೆ ಅವು ದುರುಪಯೋಗವಾಗಬಹುದು. ಸ್ಪ್ರಿಂಗ್ ಬೂಟ್ ಚೌಕಟ್ಟು ಬೇರೆ ಸೂಚನೆ ಇಲ್ಲದಿದ್ದಲ್ಲಿ ಒಟ್ಟಾರೆ ಸ್ಥಿತಿಯನ್ನಷ್ಟೇ ತಿಳಿಸಿ ವಿವರಗಳನ್ನು ಮರೆಮಾಡುತ್ತದೆ. ಸಾರ್ವಜನಿಕರಿಗೆ ಬೇಕಾದದ್ದು ಸರಳ ಭಾಷೆಯ ಪ್ರಕಟಣೆ: ಯಾವ ಸೇವೆ ನಿಂತಿದೆ, ಎಂದಿನಿಂದ, ಯಾವಾಗ ಸರಿಹೋಗಬಹುದು. ಸೇವೆ ಸ್ಥಗಿತವಾಗಿರುವಾಗ 503 ಸಂಖ್ಯೆಯೊಡನೆ ‘ಇಷ್ಟು ಸಮಯದ ನಂತರ ಪ್ರಯತ್ನಿಸಿ’ ಎಂದು ತಿಳಿಸುವ ಸೌಲಭ್ಯವು ಅಂತರ್ಜಾಲದ ನಿಯಮಾವಳಿಯಲ್ಲಿಯೇ ಇದೆ. ಅದರ ಬಳಕೆ ಇನ್ನೂ ಹೆಚ್ಚಬೇಕಾಗಿದೆ.

ಪರದೆಯ ಮೇಲೆ ಕಾಣುವ ಸಂಖ್ಯೆಗಳು

ದೋಷ ಉಂಟಾದಾಗ ಕಾಣುವ ಮೂರಂಕಿಯ ಸಂಖ್ಯೆಯನ್ನು ಅರ್ಜಿದಾರರು ಗಮನಿಸುವುದು ಉಪಯುಕ್ತ. 404 ಎಂದರೆ ಆ ವಿಳಾಸದ ಪುಟ ಇಲ್ಲವೆಂದರ್ಥ; ಸರ್ವರ್ ಓಡುತ್ತಿದೆ, ವಿಳಾಸವನ್ನು ಸರಿಪಡಿಸಿಕೊಳ್ಳಬೇಕು. 429 ಬಂದಲ್ಲಿ ಅಲ್ಪಾವಧಿಯಲ್ಲಿ ಅತಿಯಾದ ಕೋರಿಕೆಗಳು ಹೋಗಿವೆಯೆಂದು ತಿಳಿಯಬೇಕು. ಪುಟವನ್ನು ಪದೇ ಪದೇ ಹೊಸದಾಗಿ ತೆರೆದರೆ ಕಾಯುವ ಸಮಯ ಹೆಚ್ಚಾಗಬಹುದು. 500 ಎಂಬುದು ತಂತ್ರಾಂಶದೊಳಗಿನ ದೋಷ. 502 ಎಂದರೆ ಮುಂಭಾಗದ ಸರ್ವರ್‌ಗೆ ಹಿಂಭಾಗದಿಂದ ಸರಿಯಾದ ಉತ್ತರ ದೊರೆತಿಲ್ಲ. 503 ಎಂದರೆ ಸೇವೆಯು ಸದ್ಯಕ್ಕೆ ಲಭ್ಯವಿಲ್ಲ.

504ರ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ನಿಗದಿತ ಸಮಯದೊಳಗೆ ಉತ್ತರ ಬರಲಿಲ್ಲವೆಂಬುದು ಮಾತ್ರ ಇದರ ಅರ್ಥ; ಕೆಲಸ ಆಗಿಲ್ಲವೆಂದು ಅರ್ಥವಲ್ಲ. ಅಂಚೆಯಲ್ಲಿ ಕಳುಹಿಸಿದ ಅರ್ಜಿ ಕಚೇರಿಗೆ ತಲುಪಿ, ಸ್ವೀಕೃತಿ ಪತ್ರ ಮಾತ್ರ ದಾರಿಯಲ್ಲಿ ಕಳೆದುಹೋದಂತೆ, ಅರ್ಜಿಯು ಡೇಟಾಬೇಸ್‌ನಲ್ಲಿ ದಾಖಲಾಗಿದ್ದು ಉತ್ತರವಷ್ಟೇ ತಡವಾಗಿರಬಹುದು. ಆಗ ಅರ್ಜಿದಾರರು ಗಾಬರಿಯಿಂದ ಎರಡನೆಯ ಅರ್ಜಿ ಸಲ್ಲಿಸಿದರೆ ಒಂದೇ ವಿಷಯಕ್ಕೆ ಎರಡು ಅರ್ಜಿಗಳಾಗಿ, ಶುಲ್ಕವೂ ಎರಡು ಬಾರಿ ಕಡಿತವಾಗುವ ಸಂಭವವಿದೆ. ಆದುದರಿಂದ ‘ಸಲ್ಲಿಸಿ’ ಗುಂಡಿ ಒತ್ತಿದ ನಂತರ ಯಾವುದೇ ದೋಷ ಕಂಡುಬಂದಲ್ಲಿ ಮೊದಲು ಲಾಗಿನ್ ಆಗಿ ಹಿಂದಿನ ಅರ್ಜಿಗಳ ಪಟ್ಟಿಯನ್ನು ನೋಡತಕ್ಕದ್ದು. ಅದರಲ್ಲಿ ಇಲ್ಲವೆಂದು ಖಚಿತವಾದ ಮೇಲೆ ಮಾತ್ರ ಮರುಸಲ್ಲಿಸತಕ್ಕದ್ದು.

ಶುಲ್ಕ ಕಡಿತವಾಗಿ ಸ್ವೀಕೃತಿ ಬಾರದಿದ್ದಲ್ಲಿ

ಯುಪಿಐ ಮೂಲಕ ಅಥವಾ ಜಾಲತಾಣದಲ್ಲಿ ಕಾರ್ಡ್ ಬಳಸಿ ಶುಲ್ಕ ಪಾವತಿಸಿ, ಖಾತೆಯಿಂದ ಹಣ ಕಡಿತವಾಗಿದ್ದು, ಅದರ ದೃಢೀಕರಣವು ಹಣ ಪಡೆಯಬೇಕಾದ ವ್ಯವಸ್ಥೆಗೆ ತಲುಪದಿದ್ದಲ್ಲಿ, ವಹಿವಾಟಿನ ದಿನದಿಂದ 5 ದಿನಗಳೊಳಗೆ ಆ ಹಣ ತಾನಾಗಿಯೇ ಖಾತೆಗೆ ಮರಳಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ನಿಗದಿಪಡಿಸಿದೆ. ಅದಕ್ಕೂ ತಡವಾದಲ್ಲಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನೀಡಬೇಕು. ಇದಕ್ಕಾಗಿ ಗ್ರಾಹಕರು ದೂರು ಸಲ್ಲಿಸುವವರೆಗೆ ಬ್ಯಾಂಕು ಕಾಯುವಂತಿಲ್ಲ. ದೃಢೀಕರಣವು ತಲುಪಿದ್ದು ಅರ್ಜಿ ಮಾತ್ರ ಮುಂದುವರಿಯದಿದ್ದಲ್ಲಿ ಹಣವು ಇಲಾಖೆಯ ಖಾತೆಗೆ ಸೇರಿರುತ್ತದೆ. ಅಂತಹ ಪ್ರಕರಣದಲ್ಲಿ ಬ್ಯಾಂಕಿನ ಬದಲು ಸಂಬಂಧಪಟ್ಟ ಇಲಾಖೆಯ ಸಹಾಯವಾಣಿಗೆ ವಹಿವಾಟಿನ ಸಂಖ್ಯೆಯೊಡನೆ ಬರೆಯಬೇಕು. ಎರಡೂ ಸಂದರ್ಭಗಳು ಅರ್ಜಿದಾರರ ಪರದೆಯ ಮೇಲೆ ಒಂದೇ ರೀತಿ ಕಾಣುವುದರಿಂದ ಗೊಂದಲ ಸಹಜ. ಬ್ಯಾಂಕಿನ ವಿವರಪಟ್ಟಿಯಲ್ಲಿ ಹಣ ಮರಳಿದೆಯೇ ಎಂದು ಮೇಲ್ಕಂಡ ಅವಧಿಯ ನಂತರ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ತಪಾಸಣೆಯ ದಾಖಲೆ ಮತ್ತು ಅರ್ಜಿದಾರರ ದಿನ

2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ಅಧಿನಿಯಮದಡಿ ಅರ್ಜಿ ಸ್ವೀಕೃತವಾದಾಗ 15 ಅಂಕಿಗಳ ಸಂಖ್ಯೆಯೊಂದನ್ನು ನೀಡಲಾಗುತ್ತದೆ. ನಿಗದಿತ ಕಾಲಮಿತಿಯೊಳಗೆ ಸೇವೆ ದೊರೆಯದಿದ್ದಲ್ಲಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರಕ್ಕೆ ಅವಕಾಶವಿದೆ. ಆದರೆ ಈ ಕಾಲಮಿತಿಯ ಲೆಕ್ಕ ಆರಂಭವಾಗುವುದು ಅರ್ಜಿ ಸ್ವೀಕೃತವಾದ ನಂತರ. ಸರ್ವರ್ ನಿಂತ ಕಾರಣ ಮೂರು ದಿನ ಅಲೆದು ನಾಲ್ಕನೆಯ ದಿನ ಅರ್ಜಿ ಸಲ್ಲಿಸಿದವರ ಮೊದಲ ಮೂರು ದಿನಗಳು ಆ ಲೆಕ್ಕದಲ್ಲಿ ಬರುವುದಿಲ್ಲ. ಅವರು ಬಂದಿದ್ದರೆಂಬುದಕ್ಕೆ ಕಾಗದದ ಸಾಕ್ಷಿಯೂ ಇರುವುದಿಲ್ಲ.

ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಅರ್ಜಿ ಸ್ವೀಕರಿಸಲು ತಂತ್ರಾಂಶ ಸಿದ್ಧವಿರಲಿಲ್ಲವೆಂಬುದು ಬರೆದಿರುವ ಸ್ಥಳ ತಪಾಸಣಾ ವಿಳಾಸದ ಉತ್ತರಗಳ ದಾಖಲೆಯೇ. ತಪಾಸಣೆ ಹೆಸರಿಗಷ್ಟೇ ಇದ್ದು ಸದಾ 200 ಎನ್ನುತ್ತಿದ್ದರೆ ಆ ಮೂರು ದಿನಗಳು ಎಲ್ಲಿಯೂ ದಾಖಲಾಗದೆ ಹೋಗುತ್ತವೆ. ಪ್ರಾಮಾಣಿಕವಾಗಿದ್ದರೆ ಕೊನೆಯ ದಿನಾಂಕವನ್ನು ವಿಸ್ತರಿಸಬೇಕೆಂಬ ಕೋರಿಕೆಗೆ ಅದೇ ಆಧಾರವಾಗುತ್ತದೆ. ವರ್ಷಕ್ಕೆ ಶೇ. 99.9ರಷ್ಟು ಸಮಯ ಸೇವೆ ಲಭ್ಯವಿತ್ತೆಂಬ ವರದಿಯನ್ನು ಓದುವಾಗಲೂ ಏನನ್ನು ತಪಾಸಿಸಿ ಆ ಅಂಕಿ ಪಡೆಯಲಾಯಿತೆಂದು ಕೇಳಬೇಕಾಗುತ್ತದೆ. ಉಳಿದ ಶೇ. 0.1 ಎಂದರೆ ಸುಮಾರು 8 ಗಂಟೆ 45 ನಿಮಿಷ. ಅದು ವರ್ಷವಿಡೀ ರಾತ್ರಿಗಳಲ್ಲಿ ಹಂಚಿಹೋದರೆ ಯಾರ ಗಮನಕ್ಕೂ ಬರುವುದಿಲ್ಲ. ಅರ್ಜಿಯ ಕೊನೆಯ ದಿನದ ಕಚೇರಿ ವೇಳೆಯಲ್ಲಿಯೇ ಬಂದರೆ ಇಡೀ ದಿನವೇ ಹೋದಂತೆ.

ಅರ್ಜಿದಾರರ ದೂರು ಈ ದಾಖಲೆಯೊಡನೆ ತಾಳೆಯಾಗಬೇಕಾದರೆ ಅದರಲ್ಲಿ ಕೆಲವು ವಿವರಗಳಿರಬೇಕು. ದಿನಾಂಕ, ಗಂಟೆ ಮತ್ತು ನಿಮಿಷ, ಸೇವೆಯ ಹೆಸರು, ಯಾವ ಹಂತದಲ್ಲಿ ನಿಂತಿತು, ಪರದೆಯ ಮೇಲೆ ಕಂಡ ಸಂಖ್ಯೆ ಅಥವಾ ಸಂದೇಶ, ಕೇಂದ್ರದ ಮೂಲಕವಾದಲ್ಲಿ ಕೇಂದ್ರದ ಹೆಸರು, ಶುಲ್ಕ ಪಾವತಿಸಿದ್ದಲ್ಲಿ ವಹಿವಾಟಿನ ಸಂಖ್ಯೆ, ಇಷ್ಟನ್ನು ಬರೆದರೆ ತಾಂತ್ರಿಕ ಸಿಬ್ಬಂದಿಯು ಆ ನಿಮಿಷದಲ್ಲಿ ಯಾವ ಸರ್ವರ್ ಏನೆಂದು ಉತ್ತರಿಸಿತ್ತೆಂದು ಹುಡುಕಬಹುದು. ಸಾಧ್ಯವಿದ್ದಲ್ಲಿ ಪರದೆಯ ಚಿತ್ರವನ್ನು ತೆಗೆದಿರಿಸಿಕೊಳ್ಳಬೇಕು. ಒಟಿಪಿ, ಪಾಸ್‌ವರ್ಡ್ ಹಾಗೂ ಕಾರ್ಡಿನ ಸಂಖ್ಯೆಗಳನ್ನು ದೂರಿನಲ್ಲಿ ಬರೆಯುವ ಅಗತ್ಯವಿಲ್ಲ. ದೂರನ್ನು ಪರಿಹರಿಸಲು ಯಾವ ಅಧಿಕಾರಿಗೂ ಅವು ಬೇಕಾಗುವುದಿಲ್ಲ.